ಹೆಸರಿಲ್ಲದ ವೈರಸ್ಸಿನ ಬೆನ್ನು ಹತ್ತಿ

ಮೊದಲು ಸಾಯುವುದು ಹಸಿವು. ಅನ್ನದ ಹಬೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸುತ್ತದೆ. ದಿನಕ್ಕೊಂದು ಕಟ್ಟು ಬೀಡಿ ಸೇದುವವನು ಬೀಡಿ ಕಂಡರೆ ಮುಖ ತಿರುಗಿಸುತ್ತಾನೆ. ಸಣ್ಣ ಜ್ವರ, ಬಲಪಕ್ಕೆಯಡಿ ನೋವು, ಮೈಯೆಲ್ಲ ಭಾರ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಮೇಲೊಂದು ಬೆಳಿಗ್ಗೆ ಮನೆಯವರು ಮುಖ ನೋಡಿ ಬೆಚ್ಚುತ್ತಾರೆ. ಕಣ್ಣಿನ ಬಿಳಿಯೆಲ್ಲ ಅರಿಶಿನವಾಗಿದೆ.

ನಾವು ಕಾಮಾಲೆ ಎನ್ನುತ್ತೇವೆ, ಗುಜರಾತಿನವರು ಕಮಳೋ ಎನ್ನುತ್ತಾರೆ. 1975–76ರಲ್ಲಿ ಅಹಮದಾಬಾದಿನಲ್ಲಿ ಅದು ಒಬ್ಬಿಬ್ಬರನ್ನು ಹಿಡಿದು ಸುಮ್ಮನಾಗಲಿಲ್ಲ, ನಗರದ ಮೇಲೆ ಸಾಂಕ್ರಾಮಿಕವಾಗಿ ಎರಗಿತು. ಸಾಬರಮತಿ ದಂಡೆಯ ಹಳೇ ಕೋಟೆ, ಅದರೊಳಗೆ ಪೋಳ್ ಎಂಬ ಇಕ್ಕಟ್ಟಾದ ವಸತಿಗಳು, ಪೂರ್ವಕ್ಕೆ ಜವಳಿ ಗಿರಣಿಗಳು, ಗಿರಣಿಗಳ ಸುತ್ತ ಕಾರ್ಮಿಕರ ಚಾಳ್‌ಗಳು, ಅವುಗಳಾಚೆ ಕಾಂಕರಿಯಾ ಕೆರೆಯ ಮಗ್ಗುಲಲ್ಲಿ ಮಣಿನಗರ. ಇಷ್ಟು ಜನರ ಕಾಲ ಕೆಳಗೆ ಎರಡು ಬಗೆಯ ಕೊಳವೆಗಳು. ಒಂದು ಕುಡಿಯುವ ನೀರಿನದು, ಇನ್ನೊಂದು ಕಕ್ಕಸಿನದು. ಎರಡರ ನಡುವೆ ಕೆಲವೆಡೆ ಒಂದು ಮೊಳ ಮಣ್ಣೂ ಇಲ್ಲ.

ವೈದ್ಯರ ಬಳಿ ಆಗ ಎರಡೇ ಉತ್ತರಗಳಿದ್ದವು. ರಕ್ತದಿಂದ ಹರಡುವ ಕಾಮಾಲೆಯಾದರೆ ಹೆಪಟೈಟಿಸ್ ಬಿ. ನೀರಿನಿಂದ ಹರಡುವ ಕಾಮಾಲೆಯಾದರೆ ಹೆಪಟೈಟಿಸ್ ಎ. ಇದು ನೀರಿನಿಂದ ಬಂದದ್ದು, ಹಾಗಾದರೆ ಎ. ಕಡತ ಮುಚ್ಚಬಹುದಿತ್ತು.

ಮುಚ್ಚದೆ ಬಿಟ್ಟವರ ಕಥೆ ಇದು.

ಕ್ಯಾಸನೂರಿನ ಕಾಡು ಕಂಡವರು

ಅಹಮದಾಬಾದಿಗೆ ತನಿಖೆಗೆ ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಸೇರಿ ಕಟ್ಟಿದ ಈ ಕೇಂದ್ರ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ ಆಯಿತು. ಮಲೆನಾಡಿನವರಿಗೆ ಇವರು ಹೊಸಬರಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರದಿಂದ ಉದುರಿ ಸಾಯುತ್ತಿದ್ದಾಗ, ಸೌದೆಗೆ ಹೋದವರು ಜ್ವರ ಹೊತ್ತು ಮನೆಗೆ ಬರುತ್ತಿದ್ದಾಗ ಓಡಿಬಂದು ಮಂಗನ ಕಾಯಿಲೆಯ ವೈರಸ್ಸನ್ನು ಹಿಡಿದವರು ಇವರೇ.

ಆ ಕೆಲಸ ಎಷ್ಟು ಅಪಾಯದ್ದೆಂದರೆ, ವೈರಸ್ ಕಾಡಿನಲ್ಲಿ ಮಾತ್ರ ಕಚ್ಚಲಿಲ್ಲ. ಪ್ರಯೋಗಾಲಯದ ಒಳಗೇ ಹಲವರಿಗೆ ಅಂಟಿ ಮಲಗಿಸಿತು. ಗಾಜಿನ ನಳಿಕೆ, ಸಾದಾ ಕೈಗವಸು, ಉಳಿದದ್ದು ಎದೆಗಾರಿಕೆ.

ಎಂ.ಎ. ಶ್ರೀನಿವಾಸನ್ ಆ ಪಾಳೆಯದವರು. 1964ರಿಂದ 1973ರವರೆಗೆ ಶಿವಮೊಗ್ಗದ ಕಾಡುಗಳಲ್ಲಿ ಮಂಗಗಳ ಸಾವಿನ ಜಾಡು ಹಿಡಿದ ಅಧ್ಯಯನದಲ್ಲಿ ಅವರ ಹೆಸರಿದೆ. ಒಣಗೆಲೆಯ ಮೇಲೆ ಸತ್ತು ಬಿದ್ದ ಮಂಗ ಎಲ್ಲಿ, ಅಲ್ಲಿಂದ ಎಷ್ಟು ದೂರದಲ್ಲಿ ಹಳ್ಳಿ, ಯಾರಿಗೆ ಜ್ವರ ಎಂದು ಲೆಕ್ಕ ಹಾಕಿ ಪಳಗಿದವರು ಈಗ ಗಿರಣಿಯ ಹೊಗೆಯಡಿ, ಪೋಳ್‌ಗಳ ಗಲ್ಲಿಗಳಲ್ಲಿ ನಿಂತಿದ್ದರು. ಜೊತೆಗೆ ಕಲ್ಯಾಣ್ ಬ್ಯಾನರ್ಜಿ, ಜೊತೆಗೆ ಸ್ಥಳೀಯ ತನಿಖೆಗಾರರು. ಕಾಡಿನಲ್ಲಾದರೆ ಸತ್ತ ಮಂಗ ಜಾಡು ತೋರಿಸುತ್ತಿತ್ತು. ಇಲ್ಲಿ ಜಾಡು ನೆಲದಡಿ ಹೂತಿತ್ತು.

ಆರು ವಾರದ ಹಿಂದಿನ ನೀರು

ಈ ಶತ್ರುವಿನ ಮೊದಲ ಚಾಲಾಕಿತನ ಸಮಯದ್ದು. ಇಂದು ಕುಡಿದ ನೀರು ಇಂದು ಕಾಯಿಲೆ ತರುವುದಿಲ್ಲ. ವೈರಸ್ ಕರುಳು ದಾಟಿ, ರಕ್ತ ಸೇರಿ, ಪಿತ್ತಜನಕಾಂಗದಲ್ಲಿ ತಳವೂರಿ, ಕಣ್ಣು ಹಳದಿಯಾಗುವ ಹೊತ್ತಿಗೆ ಸಾಮಾನ್ಯವಾಗಿ ಐದಾರು ವಾರ ಕಳೆದಿರುತ್ತದೆ. ಅಷ್ಟರಲ್ಲಿ ಆ ಕೆಟ್ಟ ನೀರು ಹರಿದು ಹೋಗಿರುತ್ತದೆ. ಒಡೆದ ಕೊಳವೆಗೆ ಯಾರೋ ತೇಪೆ ಹಾಕಿರುತ್ತಾರೆ. ತನಿಖೆಗೆ ಬಂದವನು ನಲ್ಲಿಯಿಂದ ಹಿಡಿಯುವುದು ನಿರಪರಾಧಿ ನೀರನ್ನು.

ಕೊಳವೆ ಕೆಡುವ ಬಗೆಯೂ ವಿಚಿತ್ರ. ನಮ್ಮ ನಗರಗಳಲ್ಲಿ ನೀರು ಬರುವುದು ದಿನಕ್ಕೆ ಕೆಲವು ಗಂಟೆ. ನೀರಿದ್ದಾಗ ಕೊಳವೆಯೊಳಗೆ ಒತ್ತಡವಿರುತ್ತದೆ, ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ, ಅಷ್ಟೇ. ನೀರು ನಿಂತ ಕ್ಷಣ ಒಳಗೆ ಒತ್ತಡ ಬೀಳುತ್ತದೆ. ಆಗ ಅದೇ ಬಿರುಕು ಸುತ್ತಲಿನ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ನಲ್ಲಿ ತಿರುಗಿಸಿದಾಗ ಮೊದಲ ಬಿಂದಿಗೆಯಲ್ಲೇ ಅದು ಅಡುಗೆಮನೆಗೆ ಬಂತು.

ಇದು ಎಷ್ಟು ದೊಡ್ಡದಾಗಬಹುದೆಂದು ದೇಶ ಒಮ್ಮೆ ಕಂಡಿತ್ತು. 1955ರಲ್ಲಿ ಯಮುನೆಗೆ ಪ್ರವಾಹ ಬಂದು ಇಳಿಯುವಾಗ ನದಿಯ ಹರಿವು ಸರಿಯಿತು. ನಜಫ್‌ಗಢ ಚರಂಡಿಯ ಕೊಳಚೆ ಹಿಮ್ಮುಖವಾಗಿ ಹರಿದು ದೆಹಲಿಗೆ ನೀರೆತ್ತುವ ವಜೀರಾಬಾದ್ ಪಂಪ್‌ಹೌಸಿನ ಬಾಯಿಗೆ ಬಂತು. ಎಂಜಿನಿಯರುಗಳು ಕ್ಲೋರಿನ್ ಹೆಚ್ಚಿಸಿದರು. ಬ್ಯಾಕ್ಟೀರಿಯಾ ಸತ್ತಿತು, ಟೈಫಾಯ್ಡ್ ಭುಗಿಲೇಳಲಿಲ್ಲ. ಕೆಲವು ವಾರಗಳ ಬಳಿಕ ಸುಮಾರು 29,300 ಮಂದಿಯ ಕಣ್ಣು ಹಳದಿಯಾಯಿತು. ಅದನ್ನೂ ಎ ಎಂದೇ ಬರೆದಿಟ್ಟರು.

ಅಹಮದಾಬಾದಿನಲ್ಲಿ ಜನ ತಮಗೆ ತಿಳಿದ ದಾರಿ ಹಿಡಿದರು. ಗುಜರಾತಿನಲ್ಲಿ ಕಮಳೋ ಬಂದರೆ ಕಬ್ಬಿನ ಹಾಲು, ಹುರಿಗಡಲೆ. ನಮ್ಮಲ್ಲಾದರೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿ, ಎಣ್ಣೆ ಜಿಡ್ಡು ಬಿಡಿಸಿ, ಪಥ್ಯ. ಹೆಚ್ಚಿನವರು ಗುಣವಾಗುತ್ತಾರೆ, ಹೆಸರು ಸೊಪ್ಪಿಗೋ ಕಬ್ಬಿಗೋ ಹೋಗುತ್ತದೆ. ನಿಜಕ್ಕೂ ಈ ಕಾಯಿಲೆ ಬಹುಪಾಲು ಜನರಲ್ಲಿ ತಾನಾಗಿಯೇ ಇಳಿಯುವಂಥದ್ದು. ವೈರಸ್ ಹೊಕ್ಕ ಜೀವಕೋಶಗಳನ್ನು ದೇಹದ ಕಾವಲು ಪಡೆಯೇ ಕೊಲ್ಲುತ್ತದೆ. ಆ ಯುದ್ಧದಲ್ಲಿ ಪಿತ್ತಜನಕಾಂಗ ಊದಿಕೊಳ್ಳುತ್ತದೆ, ಪಿತ್ತದ ಬಣ್ಣ ರಕ್ತಕ್ಕೆ ಸೇರುತ್ತದೆ. ಯುದ್ಧ ಮುಗಿದ ಮೇಲೆ ಅಂಗ ತನ್ನನ್ನು ತಾನೇ ಮತ್ತೆ ಬೆಳೆಸಿಕೊಳ್ಳುತ್ತದೆ.

ಕೆಲವರಲ್ಲಿ ಬೆಳೆಸಿಕೊಳ್ಳಲು ಹೊತ್ತು ಸಿಗುವುದಿಲ್ಲ. ಪಿತ್ತಜನಕಾಂಗ ಕೈಬಿಟ್ಟಿತೆಂದರೆ ಅಮೋನಿಯಾದಂಥ ವಿಷಗಳು ರಕ್ತದಲ್ಲೇ ಉಳಿದು ಮಿದುಳಿಗೆ ಹೋಗುತ್ತವೆ. ರೋಗಿ ಹಗಲಲ್ಲಿ ತೂಕಡಿಸುತ್ತಾನೆ, ರಾತ್ರಿ ಎದ್ದು ಕೂರುತ್ತಾನೆ, ಮಾತು ತೊದಲುತ್ತದೆ, ಚಾಚಿದ ಕೈ ಪಟಪಟ ಬಡಿದುಕೊಳ್ಳುತ್ತದೆ. ಆಮೇಲೆ ಕೋಮಾ. ಈ ದಾರಿಯಲ್ಲಿ ಹೆಚ್ಚಾಗಿ ಹೋಗುವವರು ಯಾರೆಂಬುದೇ ಈ ಶತ್ರುವಿನ ಅತ್ಯಂತ ಕ್ರೂರ ಗುರುತು, ಅವರು ತುಂಬು ಗರ್ಭಿಣಿಯರು. ಆ ಗುರುತನ್ನು ಓದಲು ಇನ್ನೂ ಕೆಲವು ವರ್ಷ ಬೇಕಿತ್ತು.

ಇಂಥ ತನಿಖೆಯಲ್ಲಿ ಬೇಕಾದದ್ದು ಜೋಡಿ ರಕ್ತ. ಕಣ್ಣು ಹಳದಿಯಾದಾಗ ಒಂದು ಮಾದರಿ, ಚೇತರಿಸಿಕೊಂಡ ಮೇಲೆ ಅದೇ ಮನುಷ್ಯನಿಂದ ಮತ್ತೊಂದು. ಮೊದಲನೆಯದು ಕೊಡುವವನು ಸುಸ್ತಾಗಿ ಮಲಗಿರುತ್ತಾನೆ, ಕೈ ಚಾಚುತ್ತಾನೆ. ಎರಡನೆಯದಕ್ಕೆ ಹೋದಾಗ ಅವನು ಗಿರಣಿಗೆ ಹೋಗಿರುತ್ತಾನೆ, ವಾಸಿಯಾದವನಿಗೆ ಮತ್ತೇಕೆ ಸೂಜಿ ಎಂದು ಮನೆಯವರು ಬಾಗಿಲಲ್ಲೇ ತಡೆಯುತ್ತಾರೆ. ಸಿಕ್ಕಿದ ರಕ್ತದಿಂದ ಸೀರಂ ಬೇರ್ಪಡಿಸಬೇಕು, ತಂಪು ಆರದಂತೆ ಸಾಗಿಸಬೇಕು. ಅಹಮದಾಬಾದಿನಿಂದ ದಕ್ಷಿಣಕ್ಕೆ ಹೋಗುವ ರೈಲು ಮಣಿನಗರ ದಾಟಿ, ವಡೋದರಾ ದಾಟಿ, ಭರೂಚಿನಲ್ಲಿ ನರ್ಮದೆ ದಾಟಿ, ಸೂರತ್ ಹಾದು ಮುಂಬಯಿ ಸೇರುತ್ತದೆ. ಅಲ್ಲಿಂದ ಘಟ್ಟ ಹತ್ತಿದರೆ ಪುಣೆ. ಗುಜರಾತಿನ ಬಿಸಿಲಿನಲ್ಲಿ ಅಷ್ಟು ದೂರ ಒಂದು ಸಣ್ಣ ಸೀಸೆಯನ್ನು ಕೆಡದಂತೆ ಒಯ್ಯುವುದೇ ಒಂದು ಯಾತ್ರೆ.

ಒಯ್ದರೂ ಉತ್ತರವಿರಲಿಲ್ಲ. ಎ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡದ್ದೇ 1973ರಲ್ಲಿ, ಅಮೆರಿಕದಲ್ಲಿ. ಹೊಸ ಸೋಂಕೋ ಹಳೆಯದೋ ಎಂದು ಬಿಡಿಸಿ ಹೇಳುವ ಪರೀಕ್ಷೆ ಇನ್ನೂ ಕೈಗೆ ಬಂದಿರಲಿಲ್ಲ. ಸೀಸೆಗಳು ಫ್ರೀಜರ್ ಸೇರಿದವು.

ಎ ಅಲ್ಲ, ಬಿ ಅಲ್ಲ

1978ರಲ್ಲಿ ಶತ್ರು ಬೇಟೆಗಾರರ ಮನೆಬಾಗಿಲಿಗೇ ಬಂದ. ಪುಣೆಯಲ್ಲೇ ಕಾಮಾಲೆ ಹಬ್ಬಿತು. ಎನ್‌ಐವಿಯ ಚುಕ್ಕಾಣಿ ಆಗ ಖೋರ್ಶೆದ್ ಪಾವ್ರಿ ಅವರ ಕೈಯಲ್ಲಿತ್ತು. ಮಂಗನ ಕಾಯಿಲೆಯ ವೈರಸ್ಸಿನೊಡನೆ ಸೆಣಸಿ ಬೆಳೆದ ವಿಜ್ಞಾನಿ, ಆ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿ. ಹೊಸ ರಕ್ತ ಬಂತು. ಹಳೆಯ ರಕ್ತ ಫ್ರೀಜರಿನಲ್ಲಿತ್ತು. ಈಗ ಪರೀಕ್ಷೆಯೂ ಬಂದಿತ್ತು.

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಾಬರ್ಟ್ ಪರ್ಸೆಲ್, ಡಾರಿಸ್ ವಾಂಗ್ ಅವರ ತಂಡ ಪುಣೆಯೊಂದಿಗೆ ಕೈಜೋಡಿಸಿತು. ದೆಹಲಿಯ 1955–56ರ ಉಳಿದ ಮಾದರಿಗಳು, ಅಹಮದಾಬಾದಿನ 1975–76ರವು, ಪುಣೆಯವು, ಮೂರೂ ಒಂದೇ ಮೇಜಿನ ಮೇಲೆ ಬಂದವು.

ಪರೀಕ್ಷೆಯ ತಂತ್ರ ಸರಳ, ಆದರೆ ಹರಿತ. ಹೊಸದಾಗಿ ವೈರಸ್ ಹೊಕ್ಕಾಗ ರಕ್ತದಲ್ಲಿ ಮೊದಲು ಏಳುವ ಪ್ರತಿಕಾಯ ಐಜಿಎಂ. ಕೆಲವು ತಿಂಗಳಲ್ಲಿ ಅದು ಇಳಿದು ಐಜಿಜಿ ಎಂಬ ಇನ್ನೊಂದು ಬಗೆ ಜೀವಮಾನದ ಗುರುತಾಗಿ ಉಳಿಯುತ್ತದೆ. ಅಹಮದಾಬಾದಿನ ರೋಗಿಗಳಿಗೆ ಎ ಅಂಟಿದ್ದರೆ ಐಜಿಎಂ ಎದ್ದಿರಬೇಕು.

ಎದ್ದಿರಲಿಲ್ಲ. ಇದ್ದದ್ದು ಹಳೆಯ ಐಜಿಜಿ. ಅಂದರೆ ಈ ಜನಕ್ಕೆ ಎ ವೈರಸ್ ಬಂದು ಹೋಗಿದ್ದು ಬಾಲ್ಯದಲ್ಲೇ, ಗೊತ್ತೂ ಆಗದಂತೆ. ನಮ್ಮ ದೇಶದಲ್ಲಿ ಆಗ ಹೆಚ್ಚುಕಡಿಮೆ ಪ್ರತಿಯೊಂದು ಮಗುವೂ ಅದನ್ನು ಗೆದ್ದು ಬೆಳೆಯುತ್ತಿತ್ತು. ಒಮ್ಮೆ ಗೆದ್ದವನಿಗೆ ಅದು ಮತ್ತೆ ಬಾರದು. ಹಾಗಾದರೆ ಇಪ್ಪತ್ತು, ಮೂವತ್ತರ ಪ್ರಾಯದ ಗಟ್ಟಿ ಆಳುಗಳನ್ನು ಸಾಲುಸಾಲಾಗಿ ಕೆಡವಿದ್ದು ಯಾವುದು? ಬಿ ಅಲ್ಲ, ಅದರ ಪರೀಕ್ಷೆಯೂ ಮುಗಿದಿತ್ತು.

1980ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಬಂಧ ಬಂತು. ವಾಂಗ್, ಪರ್ಸೆಲ್, ಶ್ರೀನಿವಾಸನ್, ಪ್ರಸಾದ್, ಪಾವ್ರಿ. ಭಾರತದ ಈ ಸಾಂಕ್ರಾಮಿಕಗಳ ಹಿಂದೆ ಎ ಅಲ್ಲದ, ಬಿ ಅಲ್ಲದ ವೈರಸ್ ಇದೆ ಎಂದು ಅದು ಸಾರಿತು. ಕಾಲು ಶತಮಾನದಿಂದ ಬೇರೆಯವನ ಹೆಸರಿನಲ್ಲಿ ಓಡಾಡುತ್ತಿದ್ದವನ ಮುಖವಾಡ ಕಳಚಿತ್ತು. ಮುಖ ಮಾತ್ರ ಇನ್ನೂ ಕಂಡಿರಲಿಲ್ಲ.

ಹಿಮದ ಕಣಿವೆ, ಸೋವಿಯತ್ ಲೋಟ

ಅದೇ ಹೊತ್ತಿಗೆ ದೂರದ ಕಾಶ್ಮೀರದಲ್ಲಿ ಇನ್ನೊಬ್ಬ ಬೇಟೆಗಾರ ಹೊರಟಿದ್ದ. 1978ರ ನವೆಂಬರ್. ಶ್ರೀನಗರದ ಯುವ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಅವರಿಗೆ ಗುಲ್ಮಾರ್ಗ್ ಕಡೆಯ ಹಳ್ಳಿಗಳಿಂದ ಕಾಮಾಲೆಯ ಸುದ್ದಿ ಬಂತು. ಚಳಿ ಇಳಿದಿತ್ತು. ಹಳ್ಳಿಗಳು ಕುಡಿಯುತ್ತಿದ್ದದ್ದು ಹಳ್ಳದ ನೀರು, ತೊಳೆಯುತ್ತಿದ್ದದ್ದೂ ಅದರಲ್ಲೇ. ಮನೆಮನೆಗೆ ಹೋಗಿ ಎಣಿಸುತ್ತ ನಡೆದಂತೆ ಒಂದು ಸಂಗತಿ ಎದೆ ನಡುಗಿಸಿತು. ಸಾಯುತ್ತಿದ್ದವರಲ್ಲಿ ಬಸುರಿಯರು ಬಹಳ. ಎ ವೈರಸ್ ಹೀಗೆ ಗರ್ಭಿಣಿಯರನ್ನು ಆರಿಸಿ ಕೊಲ್ಲುವುದಿಲ್ಲ.

ಆ ಸಾಂಕ್ರಾಮಿಕದಲ್ಲಿ ಕಣಿವೆಯಲ್ಲಿ ಸುಮಾರು 52,000 ಮಂದಿಗೆ ಕಾಮಾಲೆಯಾಗಿ ಸುಮಾರು 1,700 ಮಂದಿ ತೀರಿಕೊಂಡರೆಂದು ಖುರೂ ಅಂದಾಜಿಸಿದರು. 1980ರಲ್ಲಿ ಅವರದೇ ಪ್ರಬಂಧ ಹೊರಬಿತ್ತು, ಇದು ಮನುಷ್ಯರನ್ನು ಕಾಡುವ ಮತ್ತೊಂದು ಹೆಪಟೈಟಿಸ್ ವೈರಸ್ ಇರಬಹುದೆಂದು. ಪುಣೆ ಒಂದು ದಿಕ್ಕಿನಿಂದ, ಶ್ರೀನಗರ ಇನ್ನೊಂದು ದಿಕ್ಕಿನಿಂದ, ಒಂದೇ ವರ್ಷ ಒಂದೇ ಗುಹೆಯ ಬಾಯಿಗೆ ಬಂದು ನಿಂತವು. ಮೂರನೇ ತ್ರೈಮಾಸಿಕದ ಗರ್ಭಿಣಿಗೆ ಈ ಸೋಂಕು ತಗುಲಿದರೆ ನೂರರಲ್ಲಿ 20ರಿಂದ 25 ಮಂದಿಯವರೆಗೆ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಎಚ್ಚರಿಸುತ್ತದೆ.

ಗುಹೆಯೊಳಗೆ ಮೊದಲು ಕಾಲಿಟ್ಟವನು ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್. ಅಫ್ಘಾನಿಸ್ತಾನದಲ್ಲಿದ್ದ ಸೋವಿಯತ್ ಸೈನಿಕರು ಕಾಮಾಲೆಯಿಂದ ಮಲಗುತ್ತಿದ್ದರು. ಬಲಯಾನ್ ಒಂಬತ್ತು ರೋಗಿಗಳ ಮಲದ ಸಾರ ತೆಗೆದು, ಸೋಸಿ, ತಾನೇ ಕುಡಿದುಬಿಟ್ಟರು. ಅವರಿಗೆ ಎ ಮೊದಲೇ ಬಂದು ಹೋಗಿತ್ತು, ಆದ್ದರಿಂದ ಕಾಯಿಲೆ ಬಿದ್ದರೆ ಅದು ಎ ಆಗಿರಲು ಸಾಧ್ಯವಿಲ್ಲ ಎಂಬುದು ಲೆಕ್ಕ. ಒಂದು ವಾರ ಏನೂ ಇಲ್ಲ. ಎರಡು, ಮೂರು, ನಾಲ್ಕು ವಾರ. ತಿಂಗಳು ದಾಟಿದ ಮೇಲೆ ಕಾಯಿಲೆ ಬಂದೇ ಬಂತು, ಜೋರಾಗಿಯೇ ಬಂತು. ಸುಸ್ತಿನಲ್ಲಿ ಮಲಗಿದ ಮನುಷ್ಯ ತನ್ನದೇ ಮಲವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಡ್ಡಿಸಿದ. ಪುಟ್ಟ ಗುಂಡನೆಯ ಕಣಗಳು ಕಂಡವು. 1983ರಲ್ಲಿ ಅದು ಪ್ರಕಟವಾಯಿತು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ ಅದು. ಬದುಕಿ ಉಳಿದದ್ದು ಅವರ ಅದೃಷ್ಟ.

ಪುಣೆಯ ಮಂಗಗಳು

ಭಾರತವನ್ನು ಕೊಲ್ಲುತ್ತಿದ್ದದ್ದು ಅದೇ ವೈರಸ್ಸೇ? ಹೌದೆನ್ನಲು ಇಲ್ಲಿನ ರೋಗಿಗಳಿಂದಲೇ ಪುರಾವೆ ಬೇಕಿತ್ತು. ಇಲ್ಲಿಂದ ಮುಂದೆ ಈ ಗಾಥೆಯ ಕೇಂದ್ರಕ್ಕೆ ಬರುವವರು ಎನ್‌ಐವಿಯ ವಿದ್ಯಾ ಅರಣಕಲ್ಲೆ. ವೃತ್ತಿಜೀವನದ ಬಹುಭಾಗವನ್ನು ಪಿತ್ತಜನಕಾಂಗದ ವೈರಸ್‌ಗಳಿಗೇ ಮೀಸಲಿಟ್ಟ ವಿಜ್ಞಾನಿ.

ಕೆಲಸ ಯಾವುದೆಂದು ನೆನೆಸಿಕೊಳ್ಳಿ. ರೋಗಿಯ ಮಲ. ಅದನ್ನು ಅರೆಯಬೇಕು, ಸೋಸಬೇಕು, ಮಂಗಕ್ಕೆ ಚುಚ್ಚಬೇಕು. ಆಮೇಲೆ ಕಾಯಬೇಕು. ವಾರಕ್ಕೆ ಇಷ್ಟು ಸಲ ಅದರ ರಕ್ತ ತೆಗೆದು ಪಿತ್ತಜನಕಾಂಗದ ಕಿಣ್ವಗಳು ಏರಿದವೇ ನೋಡಬೇಕು. ಪಂಜರದೊಳಗಿನ ಪ್ರಾಣಿ ಕಚ್ಚುತ್ತದೆ, ಪರಚುತ್ತದೆ. ವೈರಸ್ ಮಲದಲ್ಲಿ ಬರುವುದು ಕೆಲವೇ ದಿನ, ಅದೂ ಅತ್ಯಲ್ಪ. ಆ ದಿನಗಳು ತಪ್ಪಿದರೆ ಮತ್ತೆ ಮೊದಲಿನಿಂದ.

ಹಿಡಿಯುವ ಬಲೆ ವಾಸಿಯಾದ ರೋಗಿಯ ರಕ್ತದಲ್ಲೇ ಇತ್ತು. ಗುಣವಾದವನ ಸೀರಂನಲ್ಲಿ ಆ ವೈರಸ್ಸನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳಿರುತ್ತವೆ. ಅದನ್ನು ಮಲದ ಸೋಸಿದ ನೀರಿಗೆ ಬೆರೆಸಿದರೆ, ಅಲ್ಲೊಂದು ಇಲ್ಲೊಂದು ಅಲೆಯುತ್ತಿದ್ದ ಕಣಗಳು ಒಟ್ಟಾಗಿ ಗೊಂಚಲು ಕಟ್ಟುತ್ತವೆ. ಒಂಟಿ ಕಣ ಕಣ್ಣಿಗೆ ಬೀಳದು, ಗೊಂಚಲು ಬೀಳುತ್ತದೆ. ಜೋಡಿ ರಕ್ತಕ್ಕಾಗಿ ಬಾಗಿಲು ಬಡಿಯುವ ಹಠದ ಬೆಲೆ ಇಲ್ಲಿ ತಿಳಿಯುತ್ತದೆ. ಎರಡನೆಯ ಸೂಜಿಗೆ ಕೈಕೊಟ್ಟ ಮನುಷ್ಯನೇ ಬಲೆಯ ನೂಲು.

1988ರಲ್ಲಿ ಲ್ಯಾನ್ಸೆಟ್‌ನಲ್ಲಿ ಅರಣಕಲ್ಲೆ ಮೊದಲ ಲೇಖಕಿಯಾಗಿ, ಶ್ರೀನಿವಾಸನ್, ಪಾವ್ರಿ, ಪರ್ಸೆಲ್ ಮೊದಲಾದವರೊಡನೆ ಬರೆದ ಪ್ರಬಂಧ ಬಂತು. ನೀರಿನಿಂದ ಹರಡುವ ಎ ಅಲ್ಲದ, ಬಿ ಅಲ್ಲದ ಕಾಮಾಲೆಗೂ ಈ ಕಣಕ್ಕೂ ಕಾರಣದ ಸಂಬಂಧವಿದೆ ಎಂದು ಅದು ತೋರಿಸಿತು. ಕ್ಯಾಸನೂರಿನಲ್ಲಿ ಮಂಗ ತಾನಾಗಿ ಸತ್ತು ಸುಳಿವು ಕೊಟ್ಟಿತ್ತು. ಪುಣೆಯಲ್ಲಿ ಮಂಗವನ್ನು ಕೇಳಿಯೇ ಉತ್ತರ ಪಡೆಯಬೇಕಾಯಿತು.

1990ರಲ್ಲಿ ಅಮೆರಿಕದ ತಂಡವೊಂದು ವೈರಸ್ಸಿನ ಜೀನನ್ನು ಹಿಡಿದು ತೆಗೆಯಿತು. ಸುಮಾರು 7,200 ಅಕ್ಷರಗಳ ಪುಟ್ಟ ಆರ್‌ಎನ್‌ಎ ಎಳೆ. ಕೊನೆಗೂ ಹೆಸರು ಸಿಕ್ಕಿತು, ಹೆಪಟೈಟಿಸ್ ಇ. ಅಹಮದಾಬಾದಿನ ರೋಗಿಗಳ ರಕ್ತ ಆ ಹೆಸರಿಗಾಗಿ ಹದಿನಾಲ್ಕು ವರ್ಷ ಹೆಪ್ಪುಗಟ್ಟಿ ಕಾದಿತ್ತು.

ಹಂದಿಯ ಮೇಲೆ ಗುಮಾನಿ

ಹೆಸರು ಸಿಕ್ಕರೆ ಬೇಟೆ ಮುಗಿಯಿತೇ? ಶತ್ರು ಸಾಂಕ್ರಾಮಿಕ ಇಲ್ಲದ ವರ್ಷಗಳಲ್ಲಿ ಎಲ್ಲಿ ಅಡಗುತ್ತಾನೆ? ಪುಣೆಯಲ್ಲಿ 1982ರಲ್ಲೂ 1992ರಲ್ಲೂ ತೆಗೆದಿಟ್ಟ ರಕ್ತಗಳನ್ನು ಅರಣಕಲ್ಲೆ ತಂಡ ವಯಸ್ಸಿನ ಪ್ರಕಾರ ಜೋಡಿಸಿ ನೋಡಿತು. ಎ ವೈರಸ್ಸಿನ ಗುರುತು ಎಳೆ ಮಕ್ಕಳಲ್ಲೇ ತುಂಬಿತ್ತು. ಇ ಗುರುತು ಮಕ್ಕಳಲ್ಲಿ ಅಪರೂಪ, ಹರೆಯದಲ್ಲಿ ಏರಿತ್ತು. ಒಂದೇ ನೀರು ಕುಡಿದರೂ ಎರಡು ವೈರಸ್‌ಗಳ ನಡೆ ಬೇರೆ ಬೇರೆ. ಗಿರಣಿಯ ಗಟ್ಟಿ ಆಳುಗಳೇ ಏಕೆ ಬಿದ್ದರೆಂಬ ಒಗಟಿಗೆ ಉತ್ತರ ಇದರಲ್ಲಿತ್ತು. ಬಾಲ್ಯದಲ್ಲಿ ಇ ತಗುಲದೆ ಬೆಳೆದವರು ಅವರು, ಎದುರಿಸಲು ಆಯುಧವಿಲ್ಲದವರು.

ಅಷ್ಟರಲ್ಲಿ ಅಮೆರಿಕದಲ್ಲಿ ಹಂದಿಗಳಲ್ಲೂ ಇ ಜಾತಿಯ ವೈರಸ್ ಸಿಕ್ಕಿತು. ಎಲ್ಲರ ಕಣ್ಣು ಹಂದಿಯ ಮೇಲೆ. ನಮ್ಮ ಊರುಗಳ ಚರಂಡಿಯಲ್ಲಿ ಹೊರಳುವ ಪ್ರಾಣಿ, ಅಪರಾಧಿ ಅದೇ ಎಂದು ಹೇಳಿಬಿಡುವುದು ಸುಲಭವಿತ್ತು. ಎನ್‌ಐವಿ ತಂಡ ಪಶ್ಚಿಮ ಭಾರತದ ಹಂದಿಗಳ ವೈರಸ್ಸನ್ನೂ ಮನುಷ್ಯರ ವೈರಸ್ಸನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿತು. 2002ರಲ್ಲಿ ಉತ್ತರ ಬಂತು. ಎರಡೂ ಬೇರೆ ಬೇರೆ ವಂಶ. ಮನುಷ್ಯರಲ್ಲಿದ್ದದ್ದು ಒಂದನೇ ಜೀನೋಟೈಪ್, ಹಂದಿಗಳಲ್ಲಿದ್ದದ್ದು ನಾಲ್ಕನೆಯದು. ಈ ಸಾಂಕ್ರಾಮಿಕಗಳ ಮಟ್ಟಿಗೆ ಹಂದಿ ಖುಲಾಸೆಯಾಯಿತು. ತಪ್ಪು ಮತ್ತೆ ಮನುಷ್ಯನ ಹೊಲಸು ಮನುಷ್ಯನ ನೀರಿಗೆ ಸೇರುವ ಬಿರುಕಿಗೇ ಬಂದು ನಿಂತಿತು.

2008ರಲ್ಲಿ ಅಹಮದಾಬಾದಿನ ಗಿರಧರನಗರದಲ್ಲಿ ಮತ್ತೆ ಕಾಮಾಲೆ ಎದ್ದಿತು. ಈ ಸಲ ಪರೀಕ್ಷೆಗೆ ವರ್ಷಗಟ್ಟಲೆ ಕಾಯಬೇಕಿರಲಿಲ್ಲ, ಇ ಎಂದು ಬೇಗನೆ ಗೊತ್ತಾಯಿತು. ಕುಡಿಯುವ ನೀರಿಗೆ ಹೊಲಸು ಸೇರುತ್ತಿದ್ದದ್ದೂ ಗೊತ್ತಾಯಿತು. ವಿಜ್ಞಾನ ಓಡಿತ್ತು, ಕೊಳವೆ ಇದ್ದಲ್ಲೇ ಇತ್ತು.

ಮೊಡಾಸಾ, 2009

ಮರುವರ್ಷ ಗುಜರಾತಿನಿಂದ ಬಂದ ಕರೆ ಬೇರೆಯದೇ ಆಗಿತ್ತು. ಅಹಮದಾಬಾದಿನಿಂದ ಈಶಾನ್ಯಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ಆಗಿನ ಸಾಬರಕಾಂಠಾ ಜಿಲ್ಲೆಯಲ್ಲಿ ಮೊಡಾಸಾ ಎಂಬ ಪಟ್ಟಣ. ಫೆಬ್ರವರಿ ಹೊತ್ತಿಗೆ ಕಾಮಾಲೆ, ಅದರ ಬೆನ್ನಿಗೇ ಸಾವು. ನೀರಿನ ಕಾಮಾಲೆಯಲ್ಲಿ ಇಷ್ಟು ಜನ ಇಷ್ಟು ಬೇಗ ಸಾಯುವುದಿಲ್ಲ. ಅಹಮದಾಬಾದಿನ ಬಿ.ಜೆ. ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿ ತಜ್ಞರೂ ಪುಣೆಯ ಅರಣಕಲ್ಲೆ ತಂಡವೂ ರಕ್ತ ನೋಡಿದವು.

ಬಿ. ಹೆಪಟೈಟಿಸ್ ಬಿ ಹೀಗೆ ಸಾಂಕ್ರಾಮಿಕವಾಗಿ ಊರಿಗೆ ಊರನ್ನೇ ಹೊಕ್ಕಿದ್ದು ಕೇಳರಿಯದ ಮಾತು. ಅದು ನೀರಿನಲ್ಲಿ ಬರದು, ಗಾಳಿಯಲ್ಲಿ ಬರದು. ಅದಕ್ಕೆ ರಕ್ತದ ದಾರಿಯೇ ಬೇಕು. ಇಷ್ಟು ಜನರ ರಕ್ತಕ್ಕೆ ಒಟ್ಟಿಗೆ ದಾರಿ ತೆರೆದವರು ಯಾರು?

ರೋಗಿಗಳನ್ನು ಕೇಳಿದಾಗ ಹೆಚ್ಚಿನವರ ಕಥೆಯಲ್ಲಿ ಒಂದೇ ತಿರುವು. ಕೆಲವು ವಾರಗಳ ಹಿಂದೆ ಸಣ್ಣಪುಟ್ಟ ಕಾಯಿಲೆಗೆ ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದರು, ಸೂಜಿ ಹಾಕಿಸಿಕೊಂಡಿದ್ದರು. ಒಬ್ಬರಿಗೆ ಚುಚ್ಚಿದ ಸಿರಿಂಜು ಸರಿಯಾಗಿ ಶುದ್ಧವಾಗದೆ ಇನ್ನೊಬ್ಬರಿಗೂ ಹೋಗಿತ್ತು. ಬಿ ವೈರಸ್ ದೇಹದ ಹೊರಗೆ ಏಳು ದಿನವಾದರೂ ಜೀವ ಹಿಡಿದುಕೊಂಡಿರಬಲ್ಲದು, ಅದಕ್ಕೆ ಸಾಕಾಗುವ ರಕ್ತ ಕಣ್ಣಿಗೆ ಕಾಣುವಷ್ಟೂ ಬೇಕಿಲ್ಲ. ಬಳಸಿದ ಸಿರಿಂಜುಗಳನ್ನು ಒಟ್ಟುಹಾಕಿ ಮತ್ತೆ ಮಾರುಕಟ್ಟೆಗೆ ಬಿಡುವ ದಂಧೆ ಪೊಲೀಸರ ದಾಳಿಯಲ್ಲಿ ಬಯಲಾಯಿತು.

ಆ ಹೊಡೆತದಲ್ಲಿ 456 ಮಂದಿ ಕಾಯಿಲೆ ಬಿದ್ದರು, 89 ಮಂದಿ ಸತ್ತರು. ವಯಸ್ಕರಲ್ಲಿ ಬಿ ಸೋಂಕು ಇಷ್ಟು ಕೊಲ್ಲುವುದಿಲ್ಲ, ಹಾಗಾದರೆ ಇಲ್ಲಿ ಏಕೆ? ಅರಣಕಲ್ಲೆ ತಂಡ ವೈರಸ್ಸಿನ ಜೀನುಗಳನ್ನು ಓದಿ, ಪ್ರೀಕೋರ್ ಎಂಬ ಭಾಗದಲ್ಲೂ ಅದರ ಪಕ್ಕದ ನಿಯಂತ್ರಣ ಭಾಗದಲ್ಲೂ ಬದಲಾವಣೆ ಹೊಂದಿದ ರೂಪಾಂತರಿಗಳನ್ನು ಗುರುತಿಸಿತು. ಈ ಸಾವುಗಳೊಂದಿಗೆ ಅವುಗಳ ನಂಟನ್ನೂ, ಅಶುದ್ಧ ಸಿರಿಂಜಿನ ನಂಟನ್ನೂ 2011ರಲ್ಲಿ ಪ್ರಕಟಿಸಿತು. ಕೊಲೆಗಾರ ಹರಿತವಾಗಿದ್ದ, ಅವನನ್ನು ಕೈಹಿಡಿದು ಮನೆಮನೆಗೆ ಕರೆದೊಯ್ದದ್ದು ಸೂಜಿ. ಮೊಡಾಸಾ ಒಂದೇ ಕೆಟ್ಟ ಊರೆಂದು ಸಮಾಧಾನಪಡುವಂತಿರಲಿಲ್ಲ. ಅದಕ್ಕೆ ಕೆಲವೇ ವರ್ಷಗಳ ಹಿಂದೆ ನಡೆದ ದೇಶವ್ಯಾಪಿ ಅಧ್ಯಯನ ಭಾರತದಲ್ಲಿ ಹಾಕುವ ಇಂಜೆಕ್ಷನ್‌ಗಳಲ್ಲಿ ಸುಮಾರು 63% ಅಸುರಕ್ಷಿತ ಎಂದಿತ್ತು.

ಹದಿನೇಳನೆಯದು

ಕಾಡಿನ ಸಾಹಸಕ್ಕೂ ಈ ಸಾಹಸಕ್ಕೂ ವ್ಯತ್ಯಾಸವಿದೆ. ಹುಲಿ ಬೇಟೆಗಾರ ಗುಂಡು ಹಾರಿಸಿದ ಕ್ಷಣ ಫಲ ಕಾಣುತ್ತಾನೆ. ಇಲ್ಲಿ ಒಬ್ಬರು ತೆಗೆದ ರಕ್ತಕ್ಕೆ ಮತ್ತೊಬ್ಬರು, ಇನ್ನೊಂದು ದಶಕದಲ್ಲಿ ಉತ್ತರ ಹೇಳುತ್ತಾರೆ. ನಡುವೆ ವಿದ್ಯುತ್ ಹೋಗುತ್ತದೆ, ಫ್ರೀಜರ್ ಕೆಡುತ್ತದೆ, ಲೇಬಲ್ ಅಳಿಯುತ್ತದೆ, ಅಧಿಕಾರಿ ಬದಲಾಗಿ ಈ ಹಳೇ ಸೀಸೆಗಳೇಕೆ ಎನ್ನುತ್ತಾನೆ. ಅವನ್ನೆಲ್ಲ ದಾಟಿ ಉತ್ತರವಿಲ್ಲದ ಮಾದರಿಯನ್ನು ಕಾಪಾಡಿಕೊಳ್ಳುವುದೇ ಈ ವಿಜ್ಞಾನದ ನಿಜವಾದ ಧೈರ್ಯ. ಅಹಮದಾಬಾದಿನ ರಕ್ತವನ್ನು 1976ರಲ್ಲಿ ಎ ಎಂದು ಬರೆದು ಚೆಲ್ಲಿಬಿಟ್ಟಿದ್ದರೆ 1980ರ ಪ್ರಬಂಧಕ್ಕೆ ಒಂದು ಕಾಲೇ ಇರುತ್ತಿರಲಿಲ್ಲ.

ಕೊಳವೆ ಮತ್ತು ಸೂಜಿಯ ವಿಷಯದಲ್ಲಿ ವಿಜ್ಞಾನ ಹೇಳಬೇಕಾದ್ದನ್ನು ಹೇಳಿಯಾಗಿದೆ. ನಲ್ಲಿಯ ನೀರು ನಾರಿದರೆ ದೂರು ಕೊಡಿ, ಕುದಿಸದೆ ಕುಡಿಯಬೇಡಿ, ಮನೆಯಲ್ಲಿ ಬಸುರಿ ಇದ್ದರಂತೂ ಆ ವಿಷಯದಲ್ಲಿ ರಾಜಿಯೇ ಬೇಡ. ಸಿರಿಂಜಿನ ಹೊದಿಕೆಯನ್ನು ನಿಮ್ಮೆದುರೇ ಒಡೆಯಲಿ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, 2011ರ ನಂತರ ಅದು ದೇಶದೆಲ್ಲೆಡೆ ಮಕ್ಕಳ ಲಸಿಕೆ ಪಟ್ಟಿ ಸೇರಿದೆ. ಹೆಪಟೈಟಿಸ್ ಇಗೆ ಚೀನಾದಲ್ಲಿ ಲಸಿಕೆ ಬಂದಿದೆ, 2022ರಲ್ಲಿ ದಕ್ಷಿಣ ಸುಡಾನಿನ ಬೆಂಟಿಯುವಿನಲ್ಲಿ ಸಾಂಕ್ರಾಮಿಕ ತಡೆಯಲು ಅದನ್ನು ಮೊದಲ ಬಾರಿಗೆ ಬಳಸಿದರು.

ಇನ್ನು ಆ ಫ್ರೀಜರಿನ ಲೆಕ್ಕ. 1994ರಲ್ಲಿ ಅರಣಕಲ್ಲೆ, ಬ್ಯಾನರ್ಜಿ, ಪರ್ಸೆಲ್ ಮತ್ತಿತರರು ಭಾರತದ 17 ಕಾಮಾಲೆ ಸಾಂಕ್ರಾಮಿಕಗಳ ರಕ್ತವನ್ನು ಹೊಸ ಪರೀಕ್ಷೆಗೆ ಒಡ್ಡಿದರು. 16ರಲ್ಲಿ ಇ ಕೈವಾಡ ಸಿಕ್ಕಿತು. 1987ರಲ್ಲಿ ಅಂಡಮಾನ್ ದ್ವೀಪಗಳಲ್ಲಿ ಎದ್ದ ಒಂದು ಮಾತ್ರ ಎ ಅಲ್ಲ, ಬಿ ಅಲ್ಲ, ಸಿ ಅಲ್ಲ, ಇ ಕೂಡ ಅಲ್ಲ. ನೀರಿನಿಂದ ಹರಡುವ ಮತ್ತೊಂದು ವೈರಸ್ ಇರಬಹುದೆಂದು ಅವರು ಬರೆದರು. ಹದಿನಾರು ಗೆದ್ದವರು ಹದಿನೇಳನೆಯದನ್ನು ಲೆಕ್ಕದಿಂದ ಬಿಟ್ಟು ಪ್ರಬಂಧ ಚೊಕ್ಕ ಮಾಡಬಹುದಿತ್ತು. ಮಾಡಲಿಲ್ಲ, ಶೀರ್ಷಿಕೆಯಲ್ಲೇ ಅದನ್ನು ಹೇಳಿದರು. ಮುಂದಿನ ಬೇಟೆಗಾರನಿಗೆ ಜಾಡು ಸಿಗುವುದು ಹೀಗೆ, ತನ್ನ ಕೈಗೆ ಸಿಗದ್ದನ್ನು ಒಬ್ಬರು ಹೆಸರು ಹಿಡಿದು ಬರೆದಿಟ್ಟಾಗ.